ತಿಂಗಳಿಗೆ ಒಂದು ಡಾಲರ್ ಬಾಡಿಗೆಯ ತೋಟ

ನ್ಯೂಯಾರ್ಕ್ ಅಂದ ತಕ್ಷಣ ನಮಗೆಲ್ಲ ಕಣ್ಮುಂದೆ ಬರೋದು ಮುಗಿಲೆತ್ತರದ ಕಟ್ಟಡಗಳು. ಅಲ್ಲಿ ದುಂಬಿಗಳಿಗೇನು ಕೆಲಸ ಅಂತೀರಾ? ಆ ಊರಿನ ಗಲ್ಲಿ ತೋಟಗಳ ಬಗ್ಗೆ ಸ್ವಲ್ಪ ದಿನದಿಂದ ಓದ್ತಾ ಇದ್ದೀನಿ. ಒಂದಕ್ಕೊಂದು ಕೊಂಡಿ ಹಾಕಿಕೊಂಡ ಕತೆ ಅದು..

1970ರ ದಶಕದಲ್ಲಿ ಆ ಊರಿನ ಸ್ಥಿತಿ ತೀರಾ ಕೆಟ್ಟಿತ್ತು. 1975ರಲ್ಲಂತೂ ನಗರಾಡಳಿತ ದಿವಾಳಿಯ ಅಂಚಿಗೆ ಬಂದು ನಿಂತಿತ್ತು. ಬಡವರ ಕೇರಿಗಳಲ್ಲಿ ಮಾಲೀಕರು ತೆರಿಗೆ ಕಟ್ಟದೆ ಕಟ್ಟಡ ಬಿಟ್ಟು ಹೋದರು, ಎಷ್ಟೋ ಮನೆಗಳು ಬೆಂಕಿಗೆ ಆಹುತಿಯಾದವು. ಉಳಿದದ್ದು ತಂತಿಬೇಲಿಯೊಳಗಿನ ಇಟ್ಟಿಗೆ ಚೂರು, ಕಸ, ಇಲಿ.

ಇಂಥ ಒಂದು ಜಾಗಕ್ಕೆ 1973ರಲ್ಲಿ ಲಿಜ್ ಕ್ರಿಸ್ಟಿ ಎಂಬ ಕಲಾವಿದೆ ಗೆಳೆಯರನ್ನು ಕಟ್ಟಿಕೊಂಡು ನುಗ್ಗಿದಳು. ಬವರಿ ಮತ್ತು ಹೌಸ್ಟನ್ ರಸ್ತೆಗಳು ಸೇರುವ ಮೂಲೆ ಅದು. ಗುಂಪಿನ ಹೆಸರು 'ಗ್ರೀನ್ ಗೆರಿಲ್ಲಾಸ್'. ಒಳಗೆ ಹೋಗಲಾಗದ ಕಡೆ ಬೀಜ, ಗೊಬ್ಬರ ತುಂಬಿದ ಬಲೂನುಗಳನ್ನು ಬೇಲಿಯಾಚೆ ಎಸೆಯುತ್ತಿದ್ದರಂತೆ. ಬೀಜದ ಬಾಂಬು :) 1974ರಲ್ಲಿ ನಗರಾಡಳಿತವೇ ಆ ಮೂಲೆಯನ್ನು ತಿಂಗಳಿಗೆ 1 ಡಾಲರ್ ಬಾಡಿಗೆಗೆ ಕೊಟ್ಟಿತು. 60 ಮಡಿಗಳಲ್ಲಿ ತರಕಾರಿ ಬಂತು. ನೋಡನೋಡುತ್ತಾ ಬೇರೆ ಕೇರಿಯವರೂ ಶುರುಮಾಡಿದರು. 1978ರಲ್ಲಿ ಇದಕ್ಕೆಂದೇ 'ಗ್ರೀನ್‌ಥಂಬ್' ಎಂಬ ಸರ್ಕಾರಿ ಯೋಜನೆಯೂ ಬಂತು.

ನನಗೆ ಬಹಳ ಇಷ್ಟವಾದದ್ದು ಪೋರ್ಟೊ ರಿಕೋದಿಂದ ವಲಸೆ ಬಂದವರ ತೋಟಗಳು. ಗಿಡಗಳ ನಡುವೆ 'ಕಸೀಟಾ' ಅಂತ ಪುಟ್ಟ ಮರದ ಮನೆ. ಅಲ್ಲೇ ಅಡುಗೆ, ಹಾಡು, ಡೊಮಿನೊ ಆಟ. ನಮ್ಮೂರ ಅರಳಿಕಟ್ಟೆ ಇದ್ದ ಹಾಗೆ. ಮುದುಕರಿಗೆ ಬೆಳಗಾದರೆ ಹೋಗೋಕೆ ಒಂದು ಜಾಗ ಸಿಕ್ಕಿತಲ್ಲ, ಅದು ಸಣ್ಣ ಮಾತಲ್ಲ.

ಕೇರಿ ಚೆನ್ನಾಯ್ತು, ಜಾಗದ ಬೆಲೆ ಏರಿತು. ಯಾರಿಗೂ ಬೇಡವಾಗಿದ್ದ ನೆಲ ಈಗ ಎಲ್ಲರಿಗೂ ಬೇಕು! 1999ರಲ್ಲಿ ಮೇಯರ್ ರೂಡಿ ಜೂಲಿಯಾನಿ 114 ತೋಟಗಳನ್ನು ಹರಾಜಿಗಿಟ್ಟರು. ಹರಾಜಿನ ಹಿಂದಿನ ದಿನ ನಟಿ ಬೆಟ್ಟಿ ಮಿಡ್ಲರ್ ಸ್ಥಾಪಿಸಿದ್ದ ಸಂಸ್ಥೆ ಮತ್ತು 'ಟ್ರಸ್ಟ್ ಫಾರ್ ಪಬ್ಲಿಕ್ ಲ್ಯಾಂಡ್' ಸೇರಿ 42 ಲಕ್ಷ ಡಾಲರ್ ಕೊಟ್ಟು ಅಷ್ಟನ್ನೂ ಉಳಿಸಿಕೊಂಡವು. ಮನೆ ಕಟ್ಟೋಕೆ ಜಾಗ ಬೇಕು ಅನ್ನೋದು ಮೇಯರ್ ವಾದ. ಮನೆ ಬೇಡ ಅಂತ ಯಾರೂ ಅನ್ನಲಾರರು. ಆದರೆ ಊರಲ್ಲಿ ಆಗ ಇನ್ನೂ ಸಾವಿರಾರು ಖಾಲಿ ನಿವೇಶನಗಳಿದ್ದವು, ತೋಟದ ಮೇಲೇ ಕಣ್ಣು ಯಾಕೆ?

ಎಲ್ಲವೂ ಉಳಿಯಲಿಲ್ಲ. ಪೂರ್ವ 7ನೇ ಬೀದಿಯಲ್ಲಿ 'ಎಸ್ಪೆರಾಂಜಾ' ಅಂತ ಒಂದು ತೋಟವಿತ್ತು. ಸ್ಪ್ಯಾನಿಷ್‌ನಲ್ಲಿ ಭರವಸೆ ಎಂದರ್ಥ. ಅದನ್ನು ಕಾಯೋಕೆ ಕೊಕೀ ಎಂಬ ಪೋರ್ಟೊ ರಿಕೋದ ಕಪ್ಪೆಯ ಆಕಾರದಲ್ಲಿ ದೊಡ್ಡ ಗೂಡು ಕಟ್ಟಿ, ರಾತ್ರಿ ಅದರೊಳಗೇ ಜನ ಮಲಗುತ್ತಿದ್ದರು. 2000ದ ಫೆಬ್ರವರಿ 15ರಂದು ಬುಲ್ಡೋಜರ್ ಬಂತು. ಸರಪಳಿಯಿಂದ ತಮ್ಮನ್ನು ತಾವೇ ಕಟ್ಟಿಕೊಂಡು ಕೂತವರನ್ನು ಪೊಲೀಸರು ಬಿಡಿಸಿ ಒಯ್ದರು. ತೋಟಗಳನ್ನು ಮುಟ್ಟಬಾರದೆಂಬ ತಡೆಯಾಜ್ಞೆ ಬಂದದ್ದೂ ಅದೇ ದಿನ.. ಅಷ್ಟರಲ್ಲಿ ಅಲ್ಲಿ ಬರೀ ಮಣ್ಣಿತ್ತು. ಬೇರೆ ನೂರಾರು ತೋಟಗಳ ಬಗ್ಗೆ 2002ರಲ್ಲಿ ರಾಜಿಯಾಯಿತು. ಹೆಚ್ಚಿನವು ಉಳಿದವು, ಕೆಲವು ಮನೆಗಳಿಗೆ ಹೋದವು.

ಹೀಗೆ ಉಳಿದ ತೋಟಗಳಲ್ಲಿ ಮನುಷ್ಯರ ಜೊತೆಗೆ ಇನ್ಯಾರು ಬದುಕುತ್ತಿದ್ದರು? ಬ್ರಾಂಕ್ಸ್ ಮತ್ತು ಪೂರ್ವ ಹಾರ್ಲೆಮ್‌ನ 19 ತೋಟಗಳಲ್ಲಿ ಕೀಟತಜ್ಞರು ಹುಡುಕಿದರು. 2008ರಲ್ಲಿ ಪ್ರಕಟವಾದ ಲೆಕ್ಕದ ಪ್ರಕಾರ 54 ಜಾತಿಯ ಜೇನು-ದುಂಬಿಗಳು! ಅವುಗಳಲ್ಲಿ ನಾವು ಜೇನಿಗಾಗಿ ಸಾಕುವ ಜಾತಿ ಒಂದೇ. ನೆಲ ತೋಡಿ ಗೂಡು ಮಾಡುವವು ಕಡಿಮೆ, ಸಂದು, ಟೊಳ್ಳು ಕಡ್ಡಿಗಳಲ್ಲಿ ವಾಸಿಸುವವು ಹೆಚ್ಚು; ಸಿಮೆಂಟಿನ ಊರಲ್ಲಿ ಬರಿನೆಲ ಎಲ್ಲಿ ಸಿಗಬೇಕು ಹೇಳಿ.

ಅಲ್ಲಿ ಬಂಬಲ್ ಬೀ ಎಂಬ ರೋಮದ ದುಂಬಿಯೂ ಇದೆ. ಟೊಮೇಟೊ ಹೂವಿನ ಪರಾಗ ಸುಮ್ಮನೆ ಮುಟ್ಟಿದರೆ ಸರಿಯಾಗಿ ಉದುರಲ್ಲ. ಈ ದುಂಬಿ ಹೂವಿಗೆ ಜೋತುಬಿದ್ದು ಎದೆಯ ಸ್ನಾಯು ಅದುರಿಸಿದಾಗ ಉಪ್ಪಿನ ಡಬ್ಬಿ ಅಲ್ಲಾಡಿಸಿದ ಹಾಗೆ ಉದುರುತ್ತೆ. ಸಾಕುಜೇನಿಗೆ ಈ ವಿದ್ಯೆ ಬರಲ್ಲ. ಕಸೀಟಾದ ಅಜ್ಜಿಯ ಟೊಮೇಟೊ ಬುಟ್ಟಿಯಲ್ಲಿ ಇದರ ಪಾಲೂ ಇತ್ತು ಅನ್ನಿ.

ಇನ್ನೊಂದು ತಮಾಷೆ. ತೋಟಗಳ ಹರಾಜು ಕೂಗಿದ ಆ 1999ರಲ್ಲೇ ನಗರಾಡಳಿತ ಜೇನು ಸಾಕಣೆಯನ್ನೂ ನಿಷೇಧಿಸಿತ್ತು, ಅಪಾಯಕಾರಿ ಪ್ರಾಣಿಗಳ ಪಟ್ಟಿಯಲ್ಲಿ ಸೇರಿಸಿ! ನಿಷೇಧ ತೆಗೆದದ್ದು 2010ರಲ್ಲಿ. ಅಷ್ಟು ದಿನ ಕೆಲವರು ಮಾಳಿಗೆ ಮೇಲೆ ಕದ್ದುಮುಚ್ಚಿ ಪೆಟ್ಟಿಗೆ ಇಟ್ಟಿದ್ದರು. ಕಡ್ಡಿಯೊಳಗಿನ ದುಂಬಿಗಳನ್ನು ಮಾತ್ರ ಯಾವ ಅಧಿಕಾರಿಯೂ ವಿಚಾರಿಸಲಿಲ್ಲ.