ಕೈವಾರ ಮಹಾತ್ಮೆ (ಚಲನಚಿತ್ರ)

1961ರಲ್ಲಿ ತೆರೆಕಂಡ ಕನ್ನಡ ಭಕ್ತಿಚಿತ್ರ. ನಿರ್ದೇಶನ ಟಿ.ವಿ. ಸಿಂಗ್ ಠಾಕೂರ್ ಅವರದು. ಚಿಂತಾಮಣಿ ತಾಲ್ಲೂಕಿನ ಕೈವಾರದ ಸಂತ ನಾರೇಯಣ ಯತೀಂದ್ರರಾಗಿ ರಾಜ್‌ಕುಮಾರ್ ನಟಿಸಿದ್ದಾರೆ, ಲೀಲಾವತಿ ಜೊತೆಗಿದ್ದಾರೆ.

ನಾಯಕನಟನೊಬ್ಬನಿಗೆ ಇದು ಅಪರೂಪದ ಪಾತ್ರ. ‘ಬೇಡರ ಕಣ್ಣಪ್ಪ’ದಲ್ಲಿ (1954) ಬೇಟೆಗಾರನಾಗಿ, ‘ಭಕ್ತ ಕನಕದಾಸ’ದಲ್ಲಿ (1960) ಕತ್ತಿ ಹಿಡಿದ ನಾಯಕನಾಗಿ ಕಾಣಿಸಿಕೊಂಡಿದ್ದ ರಾಜ್‌ಕುಮಾರ್‌ಗೆ ಇಲ್ಲಿ ಸಿಕ್ಕಿದ್ದು ಬಳೆ ಮಾರುವ ಸಂಸಾರಿಯ ಬದುಕು. ಮುಂದೆ ನಾರೇಯಣ ಯತೀಂದ್ರರಾದ ಬಳೆಗಾರ ನಾರಾಯಣಪ್ಪನಿಗೆ ವ್ಯಾಪಾರ ಕೈಹತ್ತಲಿಲ್ಲ. ಪರದೇಶಿ ಸ್ವಾಮಿ ಎಂಬ ಗುರು ಅವನ ಬಾಯಲ್ಲಿ ಬೆಣಚುಕಲ್ಲಿಟ್ಟು, ಅದು ಕಲ್ಲುಸಕ್ಕರೆಯಾಗುವವರೆಗೆ ಜಪ ಮಾಡೆಂದು ಹೇಳಿದನಂತೆ. ಈ ಕಥೆ ಚಿಂತಾಮಣಿ, ಶಿಡ್ಲಘಟ್ಟದ ಸೀಮೆಯಲ್ಲಿ ಇಂದಿಗೂ ಮನೆಮಾತು. ಇಂಥ ತಪಸ್ಸಿನಲ್ಲಿ ಹೊಡೆದಾಟಕ್ಕಾಗಲಿ ಶೌರ್ಯಕ್ಕಾಗಲಿ ಎಡೆಯಿಲ್ಲ. ನಟನಿಗೆ ಆಧಾರ ಮುಖ ಮತ್ತು ದನಿ ಮಾತ್ರ.

ನಾರೇಯಣರು 1726ರಿಂದ 1836ರವರೆಗೆ, 110 ವರ್ಷ ಬಾಳಿದರೆಂಬುದು ಸಂಪ್ರದಾಯದ ನಂಬಿಕೆ. ‘ಅಮರನಾರೇಯಣ’ ಅಂಕಿತದಲ್ಲಿ ತೆಲುಗು, ಕನ್ನಡ ಎರಡರಲ್ಲೂ ಹಾಡಿದರು. ಅವರ ಕಾಲಜ್ಞಾನ ಪ್ರಸಿದ್ಧ. ಎರಡು ನುಡಿಗಳ ಗಡಿಸೀಮೆಯ ಈ ಸಂತನನ್ನು ನಾಡಿನ ಉದ್ದಗಲಕ್ಕೆ ಪರಿಚಯಿಸಿದ್ದೇ ಚಿತ್ರದ ದೊಡ್ಡ ಕೊಡುಗೆ. ರಾಜ್‌ಕುಮಾರ್ ಮುಂದೆ ಕಬೀರ, ತುಕಾರಾಮರಾಗಿಯೂ ನಟಿಸಿದರು.