ಗಿಡ್ಡ ಆನೆಗೆ ದೊಡ್ಡ ಅಳತೆಗೋಲು: ಕಪಿಲಾ–ಕಾವೇರಿ ಬಯಲಿನಿಂದ ಒಂದು ಪರಿಶೀಲನೆ

ಸಿಸಿಲಿ ದ್ವೀಪದಲ್ಲಿ ಅಳಿದುಹೋದ ಪ್ಯಾಲಿಯೋಲಾಕ್ಸೊಡಾನ್ ಫಾಲ್ಕನೆರಿ ಆನೆ ಪೂರ್ತಿ ಬೆಳೆದರೂ ಭುಜದೆತ್ತರ ಸುಮಾರು ಒಂದು ಮೀಟರು. ಅದರ ಪೂರ್ವಜವಾದ ಯುರೋಪಿನ ನೆಲದಾನೆ ನಾಲ್ಕು ಮೀಟರಿನ ಹತ್ತಿರ. ಕುಬ್ಜ ಆನೆಗೆ ಅಂಟಿದ ಹೆಸರು ಪಳೆಯುಳಿಕೆ ತಜ್ಞ ಹ್ಯೂ ಫಾಲ್ಕನರ್ ಅವರದು. 1846ರಲ್ಲಿ ಸಹೋದ್ಯೋಗಿ ಕಾಟ್ಲಿಯವರೊಡನೆ ನರ್ಮದಾ ಕಣಿವೆಯ ಬೃಹತ್ ಆನೆಗೆ ನಮಾಡಿಕಸ್ ಎಂದು ಹೆಸರಿಟ್ಟವರೂ, ಮುಂದೆ ಮಾಲ್ಟಾದ ಕುಬ್ಜ ಆನೆಗಳನ್ನು ಪರೀಕ್ಷಿಸಿದವರೂ ಅವರೇ. ಇದನ್ನು ಬರೀ ಕಾಕತಾಳೀಯವೆನ್ನಲಾರೆ. ನೆಲದಾನೆಯನ್ನು ಅಳೆದ ಕಣ್ಣಿಗಷ್ಟೇ ದ್ವೀಪದ ಆನೆ ಕುಗ್ಗಿದ್ದು ಕಾಣುತ್ತದೆ.

ಸಣ್ಣ ಮೂಳೆ ಸಿಕ್ಕಿದೊಡನೆ ಕುಬ್ಜತೆ ಸಾಬೀತಾಗದು; ಅದು ಮರಿಯದೂ ಇರಬಹುದು. ಆನೆಯ ದವಡೆಯ ಒಂದೊಂದು ಪಕ್ಕದಲ್ಲಿ ಆರು ಹಲ್ಲುಗಳು ಹಿಂದಿನಿಂದ ಮುಂದಕ್ಕೆ ಸರಿಯುತ್ತ ಒಂದಾದ ಮೇಲೊಂದು ಬರುತ್ತವೆ. ಕೊನೆಯ ಹಲ್ಲು ಸವೆದು, ಕಾಲಿನ ಮೂಳೆಗಳ ತುದಿ ಬೆಸೆದುಕೊಂಡ ಮೇಲೂ ಗಾತ್ರ ಚಿಕ್ಕದಿದ್ದರೆ ಮಾತ್ರ ಅದು ಕುಬ್ಜ.

ಹಾಗಾದರೆ ನಮ್ಮ ಕಪಿಲಾ–ಕಾವೇರಿ ಬಯಲಿನಲ್ಲಿ ಇಂಥ ಅಳಿದ ಆನೆಯ ಕುರುಹು ಸಿಗಬಹುದೇ? ಕರ್ನಾಟಕದಲ್ಲಿ ಆ ಆನೆಗಳ ಯುಗದ ಸಾಕ್ಷ್ಯ ಉತ್ತರದ ಕಣಿವೆಗಳದು. ಗೋಕಾಕದ ಬಳಿ ಸಿಕ್ಕ ಅಳಿದ ಖಡ್ಗಮೃಗವನ್ನು ರಾಬರ್ಟ್ ಬ್ರೂಸ್ ಫೂಟ್ 1874ರಲ್ಲಿ ವಿವರಿಸಿದರು. ಕೆ. ಪದ್ದಯ್ಯ ದಶಕಗಳ ಕಾಲ ಶೋಧಿಸಿದ ಹುಣಸಗಿ–ಬೈಚಬಾಳ ಕಣಿವೆಗಳಲ್ಲಿ, ಸದಬ್‌ನ ಆನೆಹಲ್ಲಿಗೆ ಯುರೇನಿಯಂ–ಥೋರಿಯಂ ವಿಧಾನ ಕೊಟ್ಟ ವಯಸ್ಸು ಸುಮಾರು 2.9 ಲಕ್ಷ ವರ್ಷ, ತೆಗ್ಗಿಹಳ್ಳಿಯದು 3.5 ಲಕ್ಷಕ್ಕೂ ಹಿಂದಿನದು.

ಕಪಿಲಾ–ಕಾವೇರಿ ಬಯಲಿನ ನಂಜನಗೂಡು, ಟಿ. ನರಸೀಪುರಗಳ ಸ್ಥಿತಿ ಬೇರೆ. ಇಲ್ಲಿನ ತಳದ ನೈಸ್ ಶಿಲೆ, ಭೂಮಿಯ ಮೇಲೆ ಮೂಳೆಯೇ ಇಲ್ಲದ ಕಾಲದ್ದು. ಎಂ. ಶೇಷಾದ್ರಿ ಉತ್ಖನನ ಮಾಡಿ 1971ರಲ್ಲಿ ವರದಿ ಪ್ರಕಟಿಸಿದ, ಟಿ. ನರಸೀಪುರದ ಸಂಗಮದ ನವಶಿಲಾಯುಗದ ನೆಲೆಯಾದರೋ ನಮ್ಮ ಪ್ರಶ್ನೆಗೆ ತೀರ ಈಚಿನದು. ಇವೆರಡರ ನಡುವಿನ ಹಳೆಯ ಜಲ್ಲಿ, ಮೆಕ್ಕಲುಗಳಲ್ಲೇ ಹುಡುಕಬೇಕು.

ದ್ವೀಪದಲ್ಲಿ ಆನೆ ಕುಗ್ಗುವುದಾದರೆ, ಕಾವೇರಿಗೂ ದ್ವೀಪಗಳಿವೆಯಲ್ಲ, ಶ್ರೀರಂಗಪಟ್ಟಣ, ಶಿವನಸಮುದ್ರ? ಆದರೆ ಆನೆ ಈಜುಗಾರ. ಹತ್ತಿರದ ಹೆಡಿಯಾಲದ ಕಾಡಿನ ಆನೆಗೆ ಹೊಳೆ ತಡೆಯಲ್ಲ. ಆನೆ ಕುಬ್ಜವಾಗಲು ಸುತ್ತ ನೀರಿದ್ದರೆ ಸಾಲದು, ಹೊರಗಿನ ನೆಲದೊಡನೆ ಬಹುಕಾಲ ನಂಟು ಕಡಿದಿರಬೇಕು. ಹಿಮಯುಗಗಳಲ್ಲಿ ಸಮುದ್ರ ತಗ್ಗಿದಾಗಲೆಲ್ಲ ಭಾರತದ ನೆಲಕ್ಕೆ ಸೇರಿಕೊಳ್ಳುತ್ತಿದ್ದ ಶ್ರೀಲಂಕಾದ ಇಂದಿನ ಆನೆಯೂ ಕುಬ್ಜವಲ್ಲ. ಹಾಗಾಗಿ ಕಪಿಲೆಯ ದಡದಲ್ಲಿ ಗಿಡ್ಡ ಆನೆಯನ್ನು ನಿರೀಕ್ಷಿಸುವಂತಿಲ್ಲ. ನಿರೀಕ್ಷಿಸಬಹುದಾದದ್ದು ನೆಲದಾನೆಯ ಹಲ್ಲು. ಅಂಥದ್ದು ಸಿಕ್ಕರೆ ಮೊದಲು ಎಣಿಸಬೇಕಾದ್ದು ಹಲ್ಲಿನ ಅಡ್ಡಫಲಕಗಳನ್ನು: ಇಂದಿನ ಏಷ್ಯಾದ ಆನೆಯ ಕೊನೆಯ ಹಲ್ಲಿನಲ್ಲಿ ಅವು ಸಾಮಾನ್ಯವಾಗಿ 20ಕ್ಕೂ ಹೆಚ್ಚು, ನಮಾಡಿಕಸ್‌ನಲ್ಲಿ ಅಷ್ಟಿಲ್ಲ.