ಮೈಕ್ರೋಗ್ಲಿಯಾದ ಪ್ರಚೋದನೆ ಮತ್ತು ನಿಯಂತ್ರಣ: ಫ್ರ್ಯಾಕ್ಟಲ್‌ಕೈನ್ ಹಾಗೂ ಟ್ರೆಮ್2 ಹೇಳುವುದೇನು?

ಮಿದುಳಿಗೆ ತನ್ನದೇ ರೋಗನಿರೋಧಕ ಕೋಶಗಳಿವೆ. 1919ರಲ್ಲಿ ಸ್ಪೇನಿನ ಪಿಯೋ ದೆಲ್ ರಿಯೋ-ಓರ್ತೆಗಾ ಬೆಳ್ಳಿಯ ಕಾರ್ಬೊನೇಟಿನಿಂದ ಬಣ್ಣ ಕೊಟ್ಟು ಇವನ್ನು ಬೇರೆಯಾಗಿ ಗುರುತಿಸಿ ಮೈಕ್ರೋಗ್ಲಿಯಾ ಎಂದು ಹೆಸರಿಟ್ಟರು. ಆರೋಗ್ಯವಂತ ಮಿದುಳಿನಲ್ಲಿ ಇವು ನಿಷ್ಕ್ರಿಯವಾಗಿರುತ್ತವೆ ಎಂಬ ನಂಬಿಕೆ ಬಹುಕಾಲ ಉಳಿದಿತ್ತು. 2005ರಲ್ಲಿ ಜೀವಂತ ಇಲಿಯ ಮಿದುಳನ್ನು ಎರಡು-ಫೋಟಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಆ ನಂಬಿಕೆ ಬಿದ್ದುಹೋಯಿತು. ಕೋಶದ ಒಡಲು ಕದಲದಿದ್ದರೂ ಅದರ ಸಣ್ಣ ಕವಲುಗಳು ಎಡೆಬಿಡದೆ ಚಾಚುತ್ತ, ಮುದುಡುತ್ತ ಸುತ್ತಲನ್ನು ತಡಕುತ್ತಿದ್ದವು. ಲೇಸರಿನಿಂದ ಚಿಕ್ಕ ಗಾಯ ಮಾಡಿದರೆ ಅಕ್ಕಪಕ್ಕದ ಕೋಶಗಳ ಕವಲುಗಳು ಕೆಲವೇ ನಿಮಿಷಗಳಲ್ಲಿ ಅದನ್ನು ಸುತ್ತುವರಿದವು. ಗಾಯದಿಂದ ಸೋರಿದ ಎಟಿಪಿ ಎಂಬ ಅಣುವೇ ಅವಕ್ಕೆ ಕರೆ. ಅದನ್ನು ಗ್ರಹಿಸುವುದು ಪಿ2ವೈ12 ಗ್ರಾಹಕ.

ಇಷ್ಟು ಚುರುಕಾದ ಕೋಶ ಸುಮ್ಮಸುಮ್ಮನೆ ಉರಿಯೂತ ಎಬ್ಬಿಸದಿರಲು ಕಡಿವಾಣ ಬೇಕು. ಅದರ ಒಂದು ತುದಿ ನರಕೋಶದ ಕೈಯಲ್ಲಿದೆ. ನರಕೋಶಗಳು ಹೊರಸೂಸುವ ಫ್ರ್ಯಾಕ್ಟಲ್‌ಕೈನ್ ಎಂಬ ಪ್ರೋಟೀನ್, ಮೈಕ್ರೋಗ್ಲಿಯಾದ ಸಿಎಕ್ಸ್3ಸಿಆರ್1 ಗ್ರಾಹಕಕ್ಕೆ ಅಂಟಿ ಅದನ್ನು ತಣ್ಣಗಿರಿಸುತ್ತದೆ. ನರಕೋಶದ ಇನ್ನೊಂದು ಪ್ರೋಟೀನ್ ಸಿಡಿ200 ಮಾಡುವುದೂ ಹೆಚ್ಚುಕಡಿಮೆ ಇದನ್ನೇ. ಹಾಗಾದರೆ ಸಿಎಕ್ಸ್3ಸಿಆರ್1 ಗ್ರಾಹಕವನ್ನು ತೆಗೆದುಹಾಕಿದರೆ ಹಾನಿಯೇ ಆಗಬೇಕಲ್ಲವೆ? ಪಾರ್ಕಿನ್ಸನ್ ಮಾದರಿಯ ಇಲಿಗಳಲ್ಲಿ ಆದದ್ದು ಹಾನಿಯೇ: ನರಕೋಶಗಳ ಸಾವು ಹೆಚ್ಚಿತು. ಆದರೆ ಆಲ್‌ಝೈಮರ್ ಮಾದರಿಗಳಲ್ಲಿ ಅಮಿಲಾಯ್ಡ್ ಶೇಖರಣೆ ಕಡಿಮೆಯಾಯಿತು; ಟಾವ್ ಪ್ರೋಟೀನಿನ ಮಾದರಿಯಲ್ಲಿ ಮಾತ್ರ ರೋಗ ಉಲ್ಬಣಿಸಿತು. ಕಡಿವಾಣ ಒಂದೇ, ಫಲ ಮೂರು ಬಗೆ. ಈ ಕೋಶಗಳನ್ನು ಎಂ1, ಎಂ2 ಎಂದು ಕೇಡಿ-ಒಳ್ಳೆಯ ಎರಡು ಪಂಗಡ ಮಾಡುವ ರೂಢಿ ಈ ಫಲಿತಾಂಶಗಳ ಮುಂದೆ ನಿಲ್ಲುವುದಿಲ್ಲ. ಆದರೂ ಪ್ರಬಂಧಗಳಲ್ಲಿ ಅದು ಇನ್ನೂ ಓಡಾಡುತ್ತಿದೆ.

ಟ್ರೆಮ್2 ಗ್ರಾಹಕದ ಕಥೆ ಇದರ ತಿರುವುಮುರುವು. ಮೈಕ್ರೋಗ್ಲಿಯಾ ಅಮಿಲಾಯ್ಡ್ ಗಡ್ಡೆಗಳಾದ ಪ್ಲಾಕ್‌ಗಳನ್ನು ಸುತ್ತಿ ಅದುಮಿ ಹಿಡಿಯಲು ಈ ಗ್ರಾಹಕ ಬೇಕು. ಇದನ್ನು ದುರ್ಬಲಗೊಳಿಸುವ ಆರ್47ಎಚ್ ಎಂಬ ವಂಶವಾಹಿ ವ್ಯತ್ಯಾಸ ಆಲ್‌ಝೈಮರ್ ಅಪಾಯವನ್ನು ಸುಮಾರು ಮೂರು ಪಟ್ಟು ಏರಿಸುತ್ತದೆಂದು 2013ರಲ್ಲಿ ಐಸ್‌ಲೆಂಡಿನ ದತ್ತಾಂಶ ತೋರಿಸಿತು. ಅಂದರೆ ಇಲ್ಲಿ ಕೇಡು ತಂದದ್ದು ಅತಿ ಪ್ರಚೋದನೆಯಲ್ಲ, ಪ್ರಚೋದನೆಯ ಕೊರತೆ.

ಚಿಕಿತ್ಸೆಯಲ್ಲಿ ತಗ್ಗಿಸುವ, ಪ್ರಚೋದಿಸುವ ಎರಡೂ ದಾರಿ ಹಿಡಿದು ನೋಡಿದ್ದಾಗಿದೆ. ಉರಿಯೂತ ತಗ್ಗಿಸುವ ನಾಪ್ರೊಕ್ಸೆನ್, ಸೆಲೆಕಾಕ್ಸಿಬ್ ಮಾತ್ರೆಗಳನ್ನು ವೃದ್ಧರಿಗೆ ಕೊಟ್ಟ ಅಮೆರಿಕದ ಅಡಾಪ್ಟ್ ಪ್ರಯೋಗದಲ್ಲಿ ಆಲ್‌ಝೈಮರ್ ತಡೆಯಲಾಗಲಿಲ್ಲ. ಟ್ರೆಮ್2 ಅನ್ನು ಪ್ರಚೋದಿಸುವ ಎಎಲ್002 ಪ್ರತಿಕಾಯವೂ 2024ರಲ್ಲಿ ಆರಂಭಿಕ ಹಂತದ ರೋಗಿಗಳಲ್ಲಿ ಕಾಯಿಲೆಯ ವೇಗ ಕುಗ್ಗಿಸಲಿಲ್ಲ. ಆರಂಭಿಕ ಎಂದರೂ, ಮರೆವು ಕಾಣಿಸಿಕೊಳ್ಳುವ ಹಲವು ವರ್ಷ ಮೊದಲೇ ಮಿದುಳಿನಲ್ಲಿ ಪ್ಲಾಕ್‌ಗಳು ಕೂಡಿಕೊಂಡಿರುತ್ತವೆ. ಹಾಗಾಗಿ ಮುಂದಿನ ಪ್ರಯೋಗಗಳು ಯಾವ ಗ್ರಾಹಕ ಎಂಬುದಕ್ಕಿಂತ ರೋಗದ ಯಾವ ಹಂತ ಎಂಬುದನ್ನು ಮೊದಲು ನಿರ್ಧರಿಸಿಕೊಳ್ಳಬೇಕಾಗಿದೆ.